ಕಾಲ್ಚೆಂಡಿನ ಶಾಲೆಯೂ ತಾಯಿತಂದೆಗಳ ಪರೀಕ್ಷೆಯೂ

ಎತ್ತು ಕೊಳ್ಳುವಾಗ ನಮ್ಮ ರೈತನ ಜಾಣತನವನ್ನು ನೋಡಬೇಕು. ಮಾರುವವನು ಎಷ್ಟೇ ಬಣ್ಣಿಸಲಿ, ಅವನು ಆ ಮಾತಿಗೆ ಕಿವಿಗೊಡುವದಿಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುವನು. ಹೆಗಲಿನ ಮೇಲೆ ಕೈಯಾಡಿಸುವನು. ಹತ್ತು ಹೆಜ್ಜೆ ನಡೆಯಿಸಿ ಹಿಂದಿನಿಂದ ನಿಟ್ಟಿಸುವನು. ಸಾಧ್ಯವಾದರೆ ಒಂದು ತಾಸು ನೊಗಕ್ಕೆ ಹೂಡಿ ನೋಡಿಯೇ ದುಡ್ಡಿನ ಗಂಟು ಬಿಚ್ಚುವನು. ಇಷ್ಟೆಲ್ಲ ಎಚ್ಚರವುಳ್ಳ ಗೃಹಸ್ಥನೊಬ್ಬನು ತನ್ನ ಹನ್ನೊಂದು ವರ್ಷದ ಮಗನನ್ನು ಮಾತ್ರ, ಬಣ್ಣಬಣ್ಣದ ಒಂದು ಹಾಳೆಯನ್ನು ನಂಬಿ, ಅರಿಯದ ಜನರ ಕೈಗೆ ಒಪ್ಪಿಸಲು ಸಿದ್ಧನಾದದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. ಈ ಲೇಖನಕ್ಕೆ ಅದೇ ನಿಮಿತ್ತ.

ನಮ್ಮ ಯರಗಟ್ಟಿಯು ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ದಾರಿಯ ಮೇಲಿನ ಊರು. ಬಹುಕಾಲ ಸವದತ್ತಿ ತಾಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲೂಕಿನ ಸ್ಥಳವೆನಿಸಿತು. ಇಲ್ಲಿ ಹುಡುಗರ ಆಟವೆಂದರೆ ಕುಸ್ತಿ, ಕಬಡ್ಡಿ, ಮತ್ತು ಎಲ್ಲೆಲ್ಲಿಯೂ ಇರುವ ಕ್ರಿಕೆಟ್ಟು. ನನ್ನ ನೆರೆಯ ರೈತಮಿತ್ರರ ಮಗನಿಗಾದರೋ ಮೊಬೈಲಿನ ಪರದೆಯಲ್ಲಿ ಮೆಸ್ಸಿಯ ಆಟವನ್ನು ನೋಡಿ ನೋಡಿ ಕಾಲ್ಚೆಂಡಿನ ಹುಚ್ಚು ಹಿಡಿಯಿತು. ಹುಡುಗನು ಚುರುಕು, ಓದಿನಲ್ಲಿಯೂ ಹಿಂದೆ ಬಿದ್ದವನಲ್ಲ. ಒಂದು ದಿನ ಮಿತ್ರರು ಒಂದು ಪತ್ರಿಕೆಯನ್ನು ತಂದು ನನ್ನ ಕೈಗಿತ್ತು, “ಮಾಸ್ತರ, ಇದನ್ನಷ್ಟು ಓದಿ ಹೇಳ್ರಿ. ಖರೇನ ಛಲೋ ಐತೋ ಹೆಂಗ?” ಎಂದು ಕೇಳಿದರು. ಅದು ಒಂದು ಫುಟ್ಬಾಲ್ ಅಕಾಡೆಮಿಯ ಪ್ರವೇಶಪ್ರಕಟಣೆ. ವಸತಿ, ಊಟ, ಶಾಲೆ, ಶಿಕ್ಷಣ ಎಲ್ಲ ಕೂಡಿ ವರ್ಷಕ್ಕೆ ಇಷ್ಟೆಂದು ಕಾಣಿಸಿದ್ದ ಹಣವು ಅವರ ಆ ವರ್ಷದ ಕಬ್ಬಿನ ಬಿಲ್ಲಿನ ಮುಕ್ಕಾಲು ಪಾಲಿಗೆ ಸರಿಯಾಗಿತ್ತು.

ಓದಿ ಹೇಳುವದು ಕಷ್ಟವಾಗಲಿಲ್ಲ. ಒಳ್ಳೆಯದೋ ಅಲ್ಲವೋ ಎಂಬದನ್ನು ಹೇಳುವದು ಕಷ್ಟವಾಯಿತು. ಏಕೆಂದರೆ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸ್ಕೃತ, ಕನ್ನಡಗಳನ್ನು ಕಲಿಸಿದವನೇ ಹೊರತು ಚೆಂಡನ್ನು ಒದೆದವನಲ್ಲ. ಆದರೆ ಕಲಿಸುವದೆಂದರೇನೆಂಬದನ್ನು ಸ್ವಲ್ಪ ಬಲ್ಲೆನೆಂಬ ಧೈರ್ಯದ ಮೇಲೆ, “ಹೋಗಿ ನೋಡಿಯೇ ಬರೋಣ” ಎಂದೆನು.

ಹೊರಡುವ ಮೊದಲು ಆ ಪ್ರಕಟಣೆಯಲ್ಲಿದ್ದ ಚಿತ್ರಗಳ ವಿಷಯವಾಗಿ ಒಂದೆರಡು ಮಾತು. ಕಾಲ್ಚೆಂಡಾಟವು ಕನ್ನಡನಾಡಿಗೆ ಹೊಸದಲ್ಲ. ಗೋರಾ ಪಲ್ಟಣಗಳ ಸ್ವತ್ತೇ ಎಂಬಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಗೆದ್ದರು. 1946–47ರಲ್ಲಿ ಮೈಸೂರು ತಂಡವು ಸಂತೋಷ ಟ್ರೋಫಿಯನ್ನು ಪಡೆಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುಜನ ಆಟಗಾರರು ಬರಿಗಾಲಿನಲ್ಲಿಯೇ ಫ್ರಾನ್ಸಿನವರನ್ನು ಎದುರಿಸಿದರು. ಆ ತಂಡದಲ್ಲಿ ಬೆಂಗಳೂರಿನ ಅಹಮದ ಖಾನರಿದ್ದರು. 1968–69ರ ಅನಂತರ ನಮ್ಮ ರಾಜ್ಯದಿಂದ ದೂರವಾಗಿದ್ದ ಸಂತೋಷ ಟ್ರೋಫಿಯು 54 ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ಮರಳಿ ಬಂದಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್ಬಾಲ್ ಕ್ಲಬ್ಬು ಮೊದಲ ಸಾಲಿನಲ್ಲಿಯೇ ಐ-ಲೀಗನ್ನು ಗೆದ್ದಿತು; ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಸಮೀಪ 2018ರಲ್ಲಿ ತೆರೆದ ಕ್ರೀಡಾಸಂಸ್ಥೆಯ ಆವರಣದಲ್ಲಿ ಅದು ಹುಡುಗರಿಗೆ ವಸತಿಯುಕ್ತ ಶಿಕ್ಷಣವನ್ನು ಕೊಡಹತ್ತಿತು. ಹೀಗೆ ನಿಜವಾದ ಕೆಲಸವೂ ನಮ್ಮ ನಾಡಿನಲ್ಲಿ ನಡೆದಿದೆ. ಆದರೆ ನಿಜವಾದ ಕೆಲಸದ ನೆರಳಿನಲ್ಲಿ ಬರಿಯ ಬೋರ್ಡುಗಳೂ ನಿಲ್ಲುತ್ತವೆ. ನಮ್ಮ ಕೈಯಲ್ಲಿದ್ದ ಪ್ರಕಟಣೆಯಲ್ಲಿ ಒಬ್ಬ ಪ್ರಸಿದ್ಧ ಆಟಗಾರನ ಭಾವಚಿತ್ರವಿತ್ತು. ಅವನಿಗೂ ಆ ಅಕಾಡೆಮಿಗೂ ಸಂಬಂಧವೇನೆಂದು ಕೇಳಿದಾಗ, ಅವನು ಒಮ್ಮೆ ಆ ಊರಿಗೆ ಬಂದಿದ್ದನೆಂದು ತಿಳಿಯಿತು!

ನಾವು ಮೊದಲು ಹೋದದ್ದು ಹೇಳಿ ಕಳಿಸಿ. ಅದು ನಮ್ಮ ತಪ್ಪು. ಬಾಗಿಲಲ್ಲಿಯೇ ಸ್ವಾಗತವಾಯಿತು, ಕಚೇರಿಯಲ್ಲಿ ಗಾಜಿನ ಕಪಾಟಿನ ತುಂಬ ಕಪ್ಪುಗಳನ್ನು ತೋರಿಸಿದರು, ಚಹ ಬಂದಿತು. ಹುಡುಗನನ್ನು ಮೈದಾನಕ್ಕೆ ಇಳಿಸಿ ಇಬ್ಬರು ಶಿಕ್ಷಕರು ಅವನೊಬ್ಬನ ಬೆನ್ನ ಹಿಂದೆಯೇ ಇದ್ದು ಬೆನ್ನು ಚಪ್ಪರಿಸಿದರು. ಆಮೇಲೆ ಅವರ ಅತ್ಯುತ್ತಮ ಶಿಷ್ಯನನ್ನು ಕರೆದು ಆಟ ತೋರಿಸಿದರು. ಆ ಹುಡುಗನು ಚೆಂಡನ್ನು ಪಾದದ ಮೇಲೂ ಮೊಳಕಾಲಿನ ಮೇಲೂ ನೆಲಕ್ಕೆ ಬೀಳದಂತೆ ಕುಣಿಸಿದ್ದನ್ನು ಕಂಡು ನನ್ನ ಮಿತ್ರರು ಬೆರಗಾಗಿ, “ಒಂದೆರಡು ವರ್ಷದಾಗ ನಮ್ಮವನೂ ಹಿಂಗ ಆಗ್ತಾನೇನ್ರಿ?” ಎಂದರು. ಯಾಕಾಗಬಾರದೆಂದು ಉತ್ತರ ಬಂದಿತು.

ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಕಾಲಿದಾಸನ ನೆನಪಾಯಿತು. ಮಾಲವಿಕಾಗ್ನಿಮಿತ್ರವೆಂಬ ನಾಟಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ಜಗಳ ಹತ್ತುತ್ತದೆ. ನಿರ್ಣಯಕ್ಕೆ ನಿಂತ ಪರಿವ್ರಾಜಿಕೆಯು ಬಹು ಸೂಕ್ಷ್ಮವಾದ ಮಾತನ್ನಾಡುತ್ತಾಳೆ. ಕೆಲವರಲ್ಲಿ ವಿದ್ಯೆಯು ತಮ್ಮಲ್ಲಿಯೇ ಉಳಿದಿರುತ್ತದೆ, ಕೆಲವರಲ್ಲಿ ಅದನ್ನು ಇನ್ನೊಬ್ಬರೊಳಕ್ಕೆ ಇಳಿಸುವ ಶಕ್ತಿಯಿರುತ್ತದೆ, ಎರಡೂ ಇದ್ದವನೇ ಶಿಕ್ಷಕರಲ್ಲಿ ಮೇಲು ಎಂಬುದು ಅವಳ ಅಭಿಪ್ರಾಯ. ಆದ್ದರಿಂದ ಗುರುಗಳು ಕುಣಿದು ತೋರಿಸುವದು ಬೇಡ, ಶಿಷ್ಯೆಯರನ್ನು ಕುಣಿಸಿ ತೋರಿಸಲಿ ಎಂದಾಗುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಗಣದಾಸನು ಕರೆತಂದದ್ದು ಯಾರನ್ನು? ರೂಪವೂ ಪ್ರತಿಭೆಯೂ ಹುಟ್ಟಿನಿಂದಲೇ ಬಂದಿದ್ದ ಮಾಲವಿಕೆಯನ್ನು! ನೋಡಲು ಕುಳಿತ ಅರಸನಿಗೆ ನೃತ್ಯಕ್ಕಿಂತ ನರ್ತಕಿಯ ಮೇಲೆಯೇ ಕಣ್ಣು. ಹರದತ್ತನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತೆಂದು ಸಭೆ ಎದ್ದುಹೋಯಿತು. ಅವನು ಹೇಗೆ ಕಲಿಸಿದ್ದನೆಂಬದು ನಮಗೆ ಇಂದಿಗೂ ಗೊತ್ತಿಲ್ಲ. ನಮ್ಮ ಮಿತ್ರರ ಪರೀಕ್ಷೆಯೂ ಹಾಗೆಯೇ ಆಗಿತ್ತು. ತಮ್ಮ ಮಗನ ಭವಿಷ್ಯವನ್ನು ಆ ಮಾಲವಿಕೆಯ ಕಾಲಿನಲ್ಲಿ ಕಂಡಿದ್ದರು.

ಈ ತಂತ್ರವು ನನಗೆ ಗೊತ್ತಿರಲು ಇನ್ನೊಂದು ಕಾರಣವುಂಟು, ಬಚ್ಚಿಡುವದೇಕೆ? ಶಾಲಾ ತನಿಖೆಗೆ ಅಧಿಕಾರಿಗಳು ಬರುವ ದಿನ ಜಾಣಹುಡುಗರನ್ನು ಮುಂದಿನ ಸಾಲಿಗೆ ಕೂಡ್ರಿಸಿದವರಲ್ಲಿ ನಾನೂ ಒಬ್ಬನು. ಹಿಂದಿನ ಸಾಲಿನ ಹುಡುಗರು ಮಗ್ಗಿ ಹೇಳುವಾಗ ತುಟಿಯನ್ನಷ್ಟೇ ಆಡಿಸುವರು, ದನಿ ಮುಂದಿನವರದು. ತನಿಖಾಧಿಕಾರಿಗಳಲ್ಲಿ ನನಗೆ ನಿಜವಾಗಿ ಭಯವಾದದ್ದು ಒಬ್ಬರದೇ. ಅವರು ಒಳಗೆ ಬಂದು, ನನ್ನ ನಮಸ್ಕಾರವನ್ನು ಸ್ವೀಕರಿಸಿ, ನೆಟ್ಟಗೆ ಹಿಂದಿನ ಗೋಡೆಗೆ ಹೋಗಿ ನಿಂತರು.

ಆದ್ದರಿಂದ ಎರಡನೆಯ ಸಲ ನಾವು ಹೇಳದೆ ಕೇಳದೆ ಹೋದೆವು. ಹುಡುಗನನ್ನು ಕರೆದೊಯ್ಯಲಿಲ್ಲ. ಮಿತ್ರರು ಎಡಗಿಸೆಯಲ್ಲಿ ಅರವತ್ತು ಹುಣಸೆಯ ಬೀಜಗಳನ್ನು ಎಣಿಸಿ ಹಾಕಿಕೊಂಡು ಬಂದಿದ್ದರು. ಇದು ಅವರದೇ ಯುಕ್ತಿ. ಮೈದಾನದ ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ನಿಂತು, ಅತಿ ಜಾಣನೂ ಅತಿ ದಡ್ಡನೂ ಅಲ್ಲದಂತೆ ತೋರಿದ ನೀಲಿ ಅಂಗಿಯ ಹುಡುಗನೊಬ್ಬನನ್ನು ಆರಿಸಿಕೊಂಡೆವು. ಅವನ ಕಾಲು ಚೆಂಡಿಗೆ ತಗಲಿದಾಗೊಮ್ಮೆ ಒಂದು ಬೀಜವನ್ನು ಎಡಗಿಸೆಯಿಂದ ಬಲಗಿಸೆಗೆ ಹಾಕುವದೆಂದು ಕರಾರು.

ಶಿಕ್ಷಣವು ಒಂದೂವರೆ ತಾಸು ನಡೆಯಿತು. ಮೊದಲು ಮೈದಾನದ ಸುತ್ತ ಓಟ. ತಡವಾಗಿ ಬಂದವರಿಗೆ ದಂಡವೆಂದು ಇನ್ನೂ ನಾಲ್ಕು ಸುತ್ತು. ಆಮೇಲೆ ಇಪ್ಪತ್ತುನಾಲ್ಕು ಹುಡುಗರು ಒಂದೇ ಸಾಲಿನಲ್ಲಿ ನಿಂತರು. ಒಬ್ಬೊಬ್ಬನಾಗಿ ಮುಂದೆ ಬಂದು ಗೋಲಿನತ್ತ ಒಮ್ಮೆ ಒದೆದು ಸಾಲಿನ ಹಿಂದಕ್ಕೆ ಹೋಗಬೇಕು. ಒಬ್ಬನಿಗೆ ಹನ್ನೆರಡು ಸೆಕೆಂಡು ಹಿಡಿದರೂ ಅವನ ಸರದಿ ಮತ್ತೆ ಬರಲು ಐದು ಮಿನಿಟು ಬೇಕಾಗುವದೆಂದು ಲೆಕ್ಕ ಬಲ್ಲ ಯಾರೂ ಹೇಳಬಹುದು. ಕೊನೆಗೆ ಹನ್ನೊಂದು–ಹನ್ನೊಂದು ಜನರ ತಂಡ ಕಟ್ಟಿ, ದೊಡ್ಡವರ ಪೂರ್ಣಪ್ರಮಾಣದ ಮೈದಾನದಲ್ಲಿ ಆಡಿಸಿದರು. ಹತ್ತು ಹನ್ನೊಂದು ವರ್ಷದ ಮಕ್ಕಳು! ಚೆಂಡು ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಯ ಹುಡುಗನು ಹುಲ್ಲು ಕೀಳುತ್ತ ನಿಂತಿದ್ದನು. ಎತ್ತರದ ಇಬ್ಬರು ಹುಡುಗರು ಚೆಂಡನ್ನು ತಮ್ಮತಮ್ಮಲ್ಲಿಯೇ ಒದೆದಾಡಿದರು. ಶಿಕ್ಷಕನು ಬದಿಯಿಂದ, “ಪಾಸ್ ಮಾಡು! ಹಿಂದೆ ಬಾ! ಒದಿ!” ಎಂದು ಎಡೆಬಿಡದೆ ಕೂಗಿದನು. ಸಂಜೆ ನಾವು ಬೀಜಗಳನ್ನು ಎಣಿಸಿದೆವು. ಬಲಗಿಸೆಯಲ್ಲಿ ಹತ್ತೊಂಬತ್ತು.

ಪಾಠಶಾಲೆಯಲ್ಲಿ ಸಂಥೆ ಹೇಳುವ ಪದ್ಧತಿಯನ್ನು ಕೆಲವು ವಾಚಕರಾದರೂ ಕಂಡಿರಬಹುದು. ಗುರುಗಳು ಒಮ್ಮೆ ಅಂದದ್ದನ್ನು ಶಿಷ್ಯನು ಎರಡು ಸಲ ಅನ್ನಬೇಕು. ಅಂದರೆ ಗುರುವಿನ ಬಾಯಿಗಿಂತ ಶಿಷ್ಯನ ಬಾಯಿಗೆ ಇಮ್ಮಡಿ ಕೆಲಸ. ಕಾಲಿನ ವಿದ್ಯೆಗೂ ಇದಕ್ಕಿಂತ ಬೇರೆ ಮಾರ್ಗವಿಲ್ಲ. ಚೆಂಡು ಕಾಲಿಗೆ ಬರದೆ ಕಾಲು ಕಲಿಯುವದಿಲ್ಲ. ಈ ಆಟದಲ್ಲಿ ಮುಂದುವರಿದ ದೇಶಗಳವರು ಈಗ ಇದೇ ಕಡೆಗೆ ತಿರುಗಿದ್ದಾರೆ. ಜರ್ಮನಿಯಲ್ಲಿ 2024–25ರ ಸಾಲಿನಿಂದ ತೀರ ಚಿಕ್ಕ ಮಕ್ಕಳು ಇಬ್ಬರ ಎದುರು ಇಬ್ಬರು, ಮೂವರ ಎದುರು ಮೂವರು ಹೀಗೆ ಕಿರಿದಾದ ಅಂಗಳದಲ್ಲಿ ನಾಲ್ಕು ಪುಟ್ಟ ಗೋಲುಗಳನ್ನಿಟ್ಟು ಆಡಬೇಕೆಂದು ದೇಶಕ್ಕೆಲ್ಲ ನಿಯಮವಾಯಿತು. ವಯಸ್ಸು ಏರಿದಂತೆ ತಂಡವೂ ಅಂಗಳವೂ ಹಿಗ್ಗುತ್ತವೆ. ಮೂವರ ತಂಡದಲ್ಲಿ ಹುಲ್ಲು ಕೀಳುತ್ತ ನಿಲ್ಲಲು ಯಾರಿಗೂ ಪುರಸೊತ್ತಿರುವದಿಲ್ಲ. ನಾರ್ವೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1987ರಲ್ಲಿ ಅಂಗೀಕರಿಸಿ 2007ರಲ್ಲಿ ತಿದ್ದಿದ ತಮ್ಮ ಬಾಲಕ್ರೀಡೆಯ ನಿಯಮಗಳಲ್ಲಿ, ಹನ್ನೊಂದನೆಯ ವರ್ಷಕ್ಕೆ ಮುಂಚೆ ಮಕ್ಕಳ ಪಂದ್ಯಗಳ ಅಂಕಪಟ್ಟಿಯನ್ನೇ ಪ್ರಕಟಿಸಬಾರದೆಂದು ಗೊತ್ತುಮಾಡಿದ್ದಾರೆ. ಗೆಲ್ಲುವ ಚಟವನ್ನು ಹೀಗೆ ತಡವಾಗಿ ಹತ್ತಿಸಿದ್ದರಿಂದ ಅವರು ಸೋಲುಗುಳಿಗಳಾದರೇ? 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕಗಳನ್ನು ಪಡೆದು ಎಲ್ಲ ದೇಶಗಳಿಗಿಂತ ಮೇಲೆ ನಿಂತವರು ಅವರೇ.

ಇನ್ನು ಗಾಜಿನ ಕಪಾಟಿನ ಕಪ್ಪುಗಳ ಮಾತು. ಹನ್ನೆರಡು ವರ್ಷದೊಳಗಿನವರ ಪಂದ್ಯದಲ್ಲಿ ಗೆದ್ದದ್ದೆಂದರೆ ಅದರಲ್ಲಿ ಶಿಕ್ಷಣದ ಪಾಲು ಎಷ್ಟು, ಹುಡುಗರ ಮೈಕಟ್ಟಿನ ಪಾಲು ಎಷ್ಟು? ಒಂದೇ ವರ್ಷದಲ್ಲಿ ಹುಟ್ಟಿದ ಜನವರಿಯ ಹುಡುಗನಿಗೂ ಡಿಸೆಂಬರಿನ ಹುಡುಗನಿಗೂ ಹನ್ನೊಂದು ತಿಂಗಳ ಅಂತರವಿರುತ್ತದೆ. ಆ ವಯಸ್ಸಿನಲ್ಲಿ ಅದು ಅಲ್ಪವಲ್ಲ. ಕೆನಡಾ ದೇಶದ ಬಾರ್ನ್‌ಸ್ಲೀ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಅಲ್ಲಿಯ ಹಾಕಿ ತಂಡಗಳನ್ನು ಪರಿಶೀಲಿಸಿ, ಆರಿಸಲ್ಪಟ್ಟವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಅಧಿಕವೆಂದು ತೋರಿಸಿದರು. ಅನಂತರ ಕಾಲ್ಚೆಂಡಿನಲ್ಲಿಯೂ ಇದೇ ಕಂಡುಬಂದಿತು. ದೊಡ್ಡವನನ್ನು ಆರಿಸಿ, ಅವನಿಗೇ ಹೆಚ್ಚು ಕಲಿಸಿ, ಆಮೇಲೆ ‘ನೋಡಿರಿ, ನಮ್ಮ ಆಯ್ಕೆ ಸರಿಯಾಗಿತ್ತು’ ಎನ್ನುವದು!

ನಮ್ಮ ಕಡೆಗೆ ಈ ತೊಡಕಿಗೆ ಮತ್ತೊಂದು ಗಂಟು ಬಿದ್ದಿದೆ. ಅದರಲ್ಲಿ ಮಾಸ್ತರರ ಕೈವಾಡವೂ ಉಂಟು. ಹಳ್ಳಿಯಿಂದ ಹುಡುಗನನ್ನು ಕರೆತಂದ ತಾಯಿಯು ಅವನು ಹುಟ್ಟಿದ್ದು ಯಾವಾಗ ಎಂದರೆ, “ಗೌಡರ ಬಾವಿ ತೋಡಿದ ವರ್ಷ, ಸೀಗಿಹುಣ್ಣಿವಿ ಮುಂದ” ಎನ್ನುವಳು. ರಜಿಸ್ಟರಿನಲ್ಲಿ ಸೀಗಿಹುಣ್ಣಿಮೆಗೆ ಸ್ಥಳವೆಲ್ಲಿ? ಜೂನ್ 1 ಎಂದು ಬರೆದುಬಿಡುವದು. ನಾನು ಹೀಗೆ ಹುಟ್ಟಿಸಿದ ಮಕ್ಕಳು ಇನ್ನೂರಕ್ಕೆ ಕಡಿಮೆಯಿಲ್ಲ. ಈಗ ಜನನದ ದಾಖಲೆಗಳು ನೆಟ್ಟಗಾಗಿವೆ. ಆದರೂ ಬಹುಮಾನದ ಆಸೆಗೆ ಹದಿನಾಲ್ಕರವನನ್ನು ಹನ್ನೆರಡರವನೆಂದು ತೋರಿಸುವ ಚಾಳಿ ಪೂರ್ಣವಾಗಿ ಹೋಗಿಲ್ಲ. ಆ ಕಾರಣದಿಂದಲೇ ನಮ್ಮ ದೇಶದ ಕಿರಿಯರ ಪಂದ್ಯಗಳಲ್ಲಿ ಮುಂಗೈಯ ಎಲುಬಿನ ಎಕ್ಸ್‌ರೇ ತೆಗೆದು ವಯಸ್ಸನ್ನು ಅಳೆಯುವ ಪದ್ಧತಿಯನ್ನು ತಂದಿದ್ದಾರೆ. ಯಾವನಾದರೂ ತಮ್ಮ ಮಗನ ವಯಸ್ಸನ್ನು “ಸ್ವಲ್ಪ ಹೊಂದಿಸೋಣ” ಎಂದರೆ ತಾಯಿತಂದೆಗಳು ಆ ಕ್ಷಣವೇ ಎದ್ದು ಬರತಕ್ಕದ್ದು. ಇದರಲ್ಲಿ ಎರಡನೆಯ ಯೋಚನೆ ಬೇಡ.

ಶಿಕ್ಷಕನ ಪ್ರಮಾಣಪತ್ರವನ್ನು ಕೇಳಬೇಕೇ? ಅವಶ್ಯವಾಗಿ ಕೇಳಬೇಕು. ಅಖಿಲ ಭಾರತ ಫುಟ್ಬಾಲ್ ಒಕ್ಕೂಟದ ಡಿ, ಸಿ, ಬಿ, ಎ ಎಂಬ ಲೈಸೆನ್ಸುಗಳ ಮೆಟ್ಟಿಲುಗಳಿವೆ. ಅಕಾಡೆಮಿಗಳಿಗೂ ಒಕ್ಕೂಟವು ನಕ್ಷತ್ರಗಳ ಶ್ರೇಣಿಯನ್ನು ಕೊಡುತ್ತದೆ. ಆದರೆ ಗೋಡೆಗೆ ತೂಗುಹಾಕಿದ ಲೈಸೆನ್ಸು ಒಬ್ಬರದು, ನಿಮ್ಮ ಮಗನ ಮುಂದೆ ದಿನಾಲು ನಿಲ್ಲುವವನು ಇನ್ನೊಬ್ಬನು ಆಗಬಾರದಷ್ಟೆ. ಬಿ.ಎಡ್. ಪದವಿಯುಳ್ಳ ಎಲ್ಲರಿಗೂ ಪಾಠ ಹೇಳಲು ಬರುವದಿಲ್ಲವೆಂಬದನ್ನು ಬಲ್ಲ ನಾನು ಇದಕ್ಕಿಂತ ಹೆಚ್ಚಿಗೆ ಹೇಳಲಾರೆ.

ಮೈದಾನದ ಅಂಚಿನಲ್ಲಿ ನಿಂತವರು ನೋಡಲೇಬೇಕಾದ ಇನ್ನೊಂದು ವಿಷಯವು ಮಕ್ಕಳ ಶರೀರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗನು ಹದಿಮೂರನೆಯ ವರ್ಷದಲ್ಲಿ ಇಂಥ ಒಂದು ಕಡೆ ಸೇರಿದ್ದನು. ಮೊಳಕಾಲಿನ ಕೆಳಗೆ ಮುಂಬದಿಯ ಎಲುಬು ಉಬ್ಬಿ ನೋಯಹತ್ತಿತು. “ಗಂಡಸಾಗು, ಸಹಿಸಿಕೋ” ಎಂದರಂತೆ. ಆರು ತಿಂಗಳು ಸಹಿಸಿ, ಏಣಿ ಹತ್ತಲಾರದಂತಾಗಿ ಊರಿಗೆ ಮರಳಿದನು. ಇದು ವೈದ್ಯರಿಗೆ ಹಳೆಯ ಪರಿಚಯದ ಬೇನೆ. 1903ರಲ್ಲಿ ಬಾಸ್ಟನ್ನಿನ ಆಸ್ಗುಡ್, ಜೂರಿಕ್ಕಿನ ಶ್ಲಾಟರ್ ಎಂಬಿಬ್ಬರು ವೈದ್ಯರು ಬೇರೆಬೇರೆಯಾಗಿ ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಹುಡುಗರು ಸರಸರನೆ ಬೆಳೆಯುವ ಕಾಲದಲ್ಲಿ, ತೊಡೆಯ ಬಲವಾದ ಸ್ನಾಯುವು ಇನ್ನೂ ಗಟ್ಟಿಯಾಗದ ಎಲುಬಿನ ಭಾಗವನ್ನು ಪದೇ ಪದೇ ಜಗ್ಗುವದರಿಂದ ಇದಾಗುತ್ತದೆ. ಓಟ, ನೆಗೆತಗಳನ್ನು ಕೆಲಕಾಲ ಕಡಿಮೆ ಮಾಡಿದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ತಿಳಿದ ಶಿಕ್ಷಕನು ಹುಡುಗನು ಕುಂಟುವದನ್ನು ತಾಯಿಗಿಂತ ಮೊದಲು ಕಾಣುವನು. ಆಟಕ್ಕೆ ಮುಂಚಿನ ಹದಿನೈದು ಇಪ್ಪತ್ತು ಮಿನಿಟುಗಳಲ್ಲಿ ಏನು ಮಾಡಿಸುವರೆಂಬದನ್ನೂ ನೋಡಿರಿ. ಒಂಟಿಕಾಲಿನ ಮೇಲೆ ನಿಲ್ಲುವದು, ಕುಪ್ಪಳಿಸುವದು, ಪೆಟ್ಟಾಗದಂತೆ ಬೀಳುವದು ಮುಂತಾದವುಗಳನ್ನು ಮಕ್ಕಳಿಗೆಂದೇ ಹೊಂದಿಸಿದ ಒಂದು ಅಭ್ಯಾಸಕ್ರಮವನ್ನು ಯುರೋಪಿನ ನಾಲ್ಕು ದೇಶಗಳಲ್ಲಿ, 7ರಿಂದ 13 ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳಲ್ಲಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲದಂತೆ ಗಾಯಗಳು ಸರಿಸುಮಾರು ಅರ್ಧಕ್ಕೆ ಇಳಿದವು. ಇದಕ್ಕೆ ಕಾಸಿನ ಖರ್ಚಿಲ್ಲ. ತಲೆಯಿಂದ ಚೆಂಡನ್ನು ಹೊಡೆಯುವದನ್ನಂತೂ ಅಮೇರಿಕೆಯವರು 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕೂ ಕಿರಿಯ ಮಕ್ಕಳಿಗೆ ನಿಷೇಧಿಸಿದರು. ಇಂಗ್ಲಂಡಿನವರು 2020ರಲ್ಲಿ ಹನ್ನೊಂದು ವರ್ಷದವರೆಗಿನವರ ಅಭ್ಯಾಸದಿಂದ ತೆಗೆದುಹಾಕಿದರು. ನೀರು ಕುಡಿಯಲು ಬಿಡುವುಂಟೋ ಇಲ್ಲವೋ ಎಂಬದನ್ನು ನಮ್ಮ ಚೈತ್ರ ವೈಶಾಖದ ಬಿಸಿಲು ಕಂಡವರಿಗೆ ನಾನು ಹೇಳಬೇಕಾಗಿಲ್ಲ.

ವಸತಿಯ ವಿಚಾರವನ್ನು ನಾವಿಬ್ಬರು ಗಂಡಸರೂ ಮರೆತೇ ಇದ್ದೆವು. ನೆನಪು ಮಾಡಿದವರು ಹುಡುಗನ ತಾಯಿ. “ರಾತ್ರಿ ಜ್ವರಾ ಬಂದರ ಅವನ ಹತ್ರ ಯಾರು ಕುಂಡ್ರತಾರ, ಕೇಳಿ ಬರ್ರಿ” ಎಂದಿದ್ದರು. ಕೇಳಿದೆವು. ಕಚೇರಿಯವರು ಮೂಲೆಯಲ್ಲಿದ್ದ ಕ್ಯಾಮರಾವನ್ನು ತೋರಿಸಿದರು! ಮಲಗುವ ಕೋಣೆಗಳನ್ನು ಮಾತ್ರ “ಈಗ ಸ್ವಚ್ಛ ಮಾಡುತ್ತಿದ್ದಾರೆ” ಎಂದು ತೋರಿಸಲಿಲ್ಲ. ಮಕ್ಕಳನ್ನು ಹೊರಗಿಡುವ ತಾಯಿತಂದೆಗಳು ಕೋಣೆ, ಅಡಿಗೆಮನೆ, ಪಾಯಖಾನೆಗಳನ್ನು ಕಣ್ಣಾರೆ ಕಾಣದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಯಾವ ವೇಳೆಗಾದರೂ ಮಗನೊಡನೆ ಏಕಾಂತದಲ್ಲಿ ಮಾತನಾಡುವ ಅವಕಾಶವಿರಬೇಕು. ಮಕ್ಕಳ ಮೇಲಿನ ದುರ್ವರ್ತನೆಗೆ 2012ರ ಪೋಕ್ಸೋ ಕಾಯಿದೆಯಲ್ಲಿ ಕಠಿಣವಾದ ಶಿಕ್ಷೆಯಿದೆ; ಆದರೆ ಕಾಯಿದೆಯು ಆದಮೇಲಿನ ಮಾತು. ಪೋರ್ಚುಗಲ್ಲಿನಂಥ ದೇಶದಲ್ಲಿಯೂ 2023ರಲ್ಲಿ ಒಂದು ಫುಟ್ಬಾಲ್ ಅಕಾಡೆಮಿಯಿಂದ, ಪರದೇಶಗಳಿಂದ ಆಸೆ ತೋರಿಸಿ ಕರೆತಂದಿದ್ದ ಅನೇಕ ಹುಡುಗರನ್ನು ಅಧಿಕಾರಿಗಳು ಬಿಡಿಸಬೇಕಾಯಿತು. ಹಾಗೆಂದು ವಸತಿಯ ಕ್ರೀಡಾಶಾಲೆಗಳೆಲ್ಲ ಅಂಥವಲ್ಲ. ನಮ್ಮ ನೆರೆಯ ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಓದೂ ಆಟವೂ ಒಟ್ಟಿಗೆ ನಡೆಯುವ ಕ್ರೀಡಾಶಾಲೆಯಿದೆ. ಸುತ್ತಲಿನ ಜನರು ಬೇಕಾದಾಗ ಹೋಗಿ ಮಕ್ಕಳನ್ನು ಕಂಡು ಬರುವಷ್ಟು ಹತ್ತಿರವಿರುವದೇ ಒಂದು ದೊಡ್ಡ ಅನುಕೂಲ.

‘ಮಗನು ಮುಂದೆ ದೊಡ್ಡ ಆಟಗಾರನಾಗಿ ಎಲ್ಲವನ್ನೂ ಮರಳಿ ಗಳಿಸುವನು’ ಎಂಬ ಮಾತನ್ನು ಅಲ್ಲಿ ಹಲವು ಸಲ ಕೇಳಿದೆವು. ಲೆಕ್ಕ ಹಾಕೋಣ. 2024–25ರ ಇಂಡಿಯನ್ ಸೂಪರ್ ಲೀಗಿನಲ್ಲಿ ಇದ್ದದ್ದು 13 ತಂಡಗಳು. ತಂಡಕ್ಕೆ 35 ಜನರೆಂದು ಧಾರಾಳವಾಗಿ ಹಿಡಿದರೂ 455 ಸ್ಥಾನಗಳಾಗುವವು. ಅವುಗಳಲ್ಲಿ ಒಂದು ಪಾಲು ವಿದೇಶೀಯರಿಗೆ. ಇಡೀ ಭಾರತದ ಹುಡುಗರು ಉಳಿದವುಗಳಿಗೆ ಹಂಬಲಿಸಬೇಕು. ಮೇಲಾಗಿ 2025ರ ಜುಲೈ ತಿಂಗಳಲ್ಲಿ ಒಡಂಬಡಿಕೆಯ ತೊಡಕಿನಿಂದ ಮುಂದಿನ ಸಾಲಿನ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿರುವದಾಗಿ ಸಾರಬೇಕಾಯಿತು. ಶಿಖರದ ಮೇಲಿದ್ದವರ ಸ್ಥಿತಿಯೇ ಹೀಗೆ. ಹುಡುಗನು ಆಡಬಾರದೆಂದು ನಾನು ಹೇಳುವವನಲ್ಲ. ಕಬ್ಬಿನ ಬಿಲ್ಲನ್ನು ಬಡ್ಡಿಗೆ ಇಟ್ಟಂತೆ ಮಗನ ಆಟದಲ್ಲಿ ಇಡಬೇಡಿರಿ ಎಂದಷ್ಟೇ ಮಿತ್ರರಿಗೆ ಹೇಳಿದೆನು. ಅವರಿಗೆ ಸ್ವಲ್ಪ ಕೋಪವೂ ಬಂದಿತು. ಎರಡು ದಿನ ನಮ್ಮ ಕಟ್ಟೆಗೆ ಬರಲಿಲ್ಲ.

ಮೂರನೆಯ ದಿನ ತಾವಾಗಿಯೇ ಬಂದು, ಬಸ್ಸಿನ ದಾರಿಯಲ್ಲಿ ಒಂದು ತಾಸಿನ ಆಚೆಯ ಊರಿನಲ್ಲಿ ಹೈಸ್ಕೂಲಿನ ಬಯಲಿನಲ್ಲಿ ಒಬ್ಬರು ವಾರಕ್ಕೆರಡು ದಿನ ಮಕ್ಕಳಿಗೆ ಕಾಲ್ಚೆಂಡು ಕಲಿಸುವರೆಂದು ಕೇಳಿಬಂದ ಸುದ್ದಿಯನ್ನು ತಿಳಿಸಿದರು. ಮತ್ತೆ ಹೊರಟೆವು, ಹುಣಸೆಬೀಜಗಳೂ ಹೊರಟವು.

ಅಲ್ಲಿ ಬೋರ್ಡಿಲ್ಲ, ಕಪಾಟಿಲ್ಲ. ಬಯಲಿನ ಹುಲ್ಲು ಅಷ್ಟಕ್ಕಷ್ಟೆ. ಆದರೆ ಇಪ್ಪತ್ತು ಮಕ್ಕಳಿಗೆ ಹದಿನೆಂಟು ಚೆಂಡುಗಳಿದ್ದವು. ಅವುಗಳಲ್ಲಿ ಕೆಲವು ತೇಪೆ ಹಚ್ಚಿದವು. ಮಕ್ಕಳು ಬಂದವರು ಬಂದಂತೆ ಚೆಂಡನ್ನು ಉರುಳಿಸುತ್ತಲೇ ಆಟ ಮೊದಲಾಯಿತು. ಹತ್ತು ಮಿನಿಟಿನಲ್ಲಿ ಮಿತ್ರರ ಕೈ ಎಡಗಿಸೆಯಿಂದ ಬಲಗಿಸೆಗೆ ಓಡಾಡಿ ದಣಿಯಿತು. ನಾವು ಆರಿಸಿಕೊಂಡದ್ದು ಎಲ್ಲರಿಗಿಂತ ಚಿಕ್ಕವಳಾದ ಒಬ್ಬ ಹುಡುಗಿಯನ್ನು. ಅರ್ಧ ತಾಸು ಆಗುವದರೊಳಗೆ ಅರವತ್ತು ಬೀಜಗಳೂ ಬಲಗಡೆಗೆ ಬಂದುಬಿಟ್ಟವು, ಎಣಿಸುವದನ್ನು ಬಿಟ್ಟೆವು.

ಆಮೇಲೆ ಕಲ್ಲುಗಳನ್ನಿಟ್ಟು ಗೋಲು ಮಾಡಿ, ನಾಲ್ಕು ನಾಲ್ಕು ಮಕ್ಕಳ ತಂಡಗಳನ್ನು ಆಡಿಸಿದರು. ಒಬ್ಬ ಹುಡುಗನು ಚೆಂಡನ್ನು ಕಳೆದುಕೊಂಡಾಗ ಶಿಕ್ಷಕರು ಆಟವನ್ನು ನಿಲ್ಲಿಸಿ, ಅವನ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ, “ಚೆಂಡು ಬರೂಕಿಂತ ಮೊದಲ ನೀ ಯಾವ ಕಡೆ ನೋಡಿದ್ದಿ?” ಎಂದು ಕೇಳಿದರು. ಹುಡುಗನು ಯೋಚಿಸಿ, “ಎಲ್ಲೂ ನೋಡಿದ್ದಿಲ್ಲರಿ” ಎಂದನು. “ಈ ಸಲ ನೋಡು” ಎಂದಿಷ್ಟೇ ಹೇಳಿ ಆಟವನ್ನು ಮುಂದುವರಿಸಿದರು. ಮುಂದಿನ ಸಲ ಅವನು ಕತ್ತು ಹೊರಳಿಸಿ ನೋಡಿದ್ದನ್ನು ಬೇಲಿಯ ಹೊರಗಿದ್ದ ನಾವೂ ಕಂಡೆವು. ಅಂದು ನನಗೆ ಆದ ಸಂತೋಷವು ವ್ಯಾಕರಣದ ಸೂತ್ರವು ಹುಡುಗನ ತಲೆಗೆ ಹತ್ತಿದ ಕ್ಷಣದ ಸಂತೋಷವೇ ಆಗಿತ್ತು.

ನನ್ನ ಮಿತ್ರರು ಬೇರೊಂದನ್ನು ಕಂಡಿದ್ದರು. ಅವರು ಹುಡುಗರಾಗಿದ್ದಾಗ ಗರಡಿಮನೆಗೆ ಹೋದವರು. “ನಮ್ಮ ವಸ್ತಾದ ಹಿಂಗ ಮಾಡ್ತಿದ್ದಾ, ಮಾಸ್ತರ” ಎಂದರು. ಏನೆಂದರೆ, ತಂಡಗಳು ಸರಿಜೋಡಿಯಾಗದಾಗ ಶಿಕ್ಷಕರು ಬಲಾಢ್ಯನಾದ ಒಬ್ಬ ಹುಡುಗನನ್ನು ದುರ್ಬಲರ ಕಡೆಗೆ ಹಾಕಿ, ಎಡಗಾಲಿನಿಂದ ಮಾತ್ರ ಆಡಬೇಕೆಂದು ಅವನಿಗೆ ಕಟ್ಟುಪಾಡು ಮಾಡಿದ್ದರು. ಗರಡಿಯಲ್ಲಿಯೂ ವಸ್ತಾದನು ಕೆಮ್ಮಣ್ಣಿನ ಕಣದಲ್ಲಿ ಹನ್ನೆರಡರವನನ್ನು ಹದಿನೆಂಟರವನೊಡನೆ ಕುಸ್ತಿಗೆ ಬಿಡುವದಿಲ್ಲ. ಬಿಟ್ಟರೆ ಹಿರಿಯನಿಗೆ ಒಂದು ಪಟ್ಟನ್ನಷ್ಟೇ ಹಾಕಲು ಅಪ್ಪಣೆ, ಕಿರಿಯನು ಅದನ್ನು ಬಿಡಿಸಿಕೊಳ್ಳುವದನ್ನು ಕಲಿಯಲೆಂದು. ಇಷ್ಟು ದಿನ “ಈ ಆಟದಾಗ ನನಗೇನು ತಿಳಿತೈತಿ” ಎನ್ನುತ್ತಿದ್ದವರು ಎಲ್ಲವನ್ನೂ ಮೊದಲೇ ಬಲ್ಲವರಾಗಿದ್ದರು.

ಹುಡುಗನು ಈಗ ಎರಡು ವರ್ಷಗಳಿಂದ ಶನಿವಾರ, ರವಿವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದಾನೆ. ಅಲ್ಲಿಯ ಉತ್ತಮ ಆಟಗಾರನೇನೂ ಆಗಿಲ್ಲ. ಈ ವರ್ಷ ಪಂದ್ಯಕ್ಕೆ ಹೋದ ತಂಡದಿಂದ ಅವನನ್ನು ಬಿಟ್ಟರು. ಯಾಕೆ ಬಿಟ್ಟೆನೆಂಬದನ್ನು ಶಿಕ್ಷಕರು ತಾವೇ ಅವನನ್ನು ಕರೆದು ಹೇಳಿದರು. ಒಂದು ದಿನ ಅತ್ತನು, ಮರುದಿನ ಗೋಡೆಗೆ ಚೆಂಡನ್ನು ಎಡಗಾಲಿನಿಂದ ಒದೆಯುತ್ತ ನಮ್ಮ ಮಧ್ಯಾಹ್ನದ ನಿದ್ದೆಯನ್ನು ಕೆಡಿಸಿದನು. ತಂದೆಯವರು ಇನ್ನೂ ಆಗಾಗ ಹೇಳದೆ ಹೋಗಿ ಬೇಲಿಯ ಹೊರಗೆ ನಿಂತು ಬರುತ್ತಾರೆ. ಕಳೆದ ತಿಂಗಳು ನಾನೂ ಜೊತೆಗಿದ್ದೆ. ಬಸ್ಸಿನಲ್ಲಿ ಟಿಕೀಟಿಗೆ ಚಿಲ್ಲರೆ ಬೇಕೆಂದು ಅವರು ಬಲಗಿಸೆಯಲ್ಲಿ ಕೈಯಾಡಿಸಿ ತೆಗೆದರೆ, ಕಂಡಕ್ಟರನ ಅಂಗೈಗೆ ಒಂದು ಹತ್ತರ ನಾಣ್ಯವೂ ನಾಲ್ಕು ಹುಣಸೆಬೀಜಗಳೂ ಬಿದ್ದವು.